ಕೆ-100 ನಾಗರಿಕ ಜಲಮಾರ್ಗ

ಕೆ-100 ನಾಗರಿಕ ಜಲಮಾರ್ಗವು ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ, ಕೋರಮಂಗಲ ಕಣಿವೆಯ ಪ್ರಮುಖ ರಾಜಕಾಲುವೆಯೊಂದನ್ನು ಕೊಳಚೆಯಿಂದ ಮುಕ್ತಗೊಳಿಸಿ, ಅದರ ದಂಡೆಯನ್ನು ಸಾರ್ವಜನಿಕರು ನಡೆದಾಡಬಹುದಾದ ತೆರೆದ ತಾಣವಾಗಿ ಮಾರ್ಪಡಿಸಲು ಕೈಗೊಳ್ಳಲಾದ ಯೋಜನೆಯಾಗಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮಾಡ್ ಫೌಂಡೇಶನ್ ಸಂಸ್ಥೆಯ ವಿನ್ಯಾಸ ಸಹಯೋಗದೊಂದಿಗೆ ಇದನ್ನು ಆರಂಭಿಸಿತು. ಕಾಲುವೆಯು ಮೆಜೆಸ್ಟಿಕ್ ಸಮೀಪ ಹುಟ್ಟಿ ಸಂಪಂಗಿರಾಮನಗರ, ಶಾಂತಿನಗರ, ವಿಲ್ಸನ್ ಗಾರ್ಡನ್, ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮ ಮತ್ತು ಈಜಿಪುರಗಳನ್ನು ಹಾದು ಬೆಳ್ಳಂದೂರು ಕೆರೆಯನ್ನು ಸೇರುತ್ತದೆ. ಪಾಲಿಕೆಯ ದಾಖಲೆಗಳಲ್ಲಿ ಕೋರಮಂಗಲ ಕಣಿವೆಯ ಕಾಲುವೆಗಳನ್ನು ‘ಕೆ’ ಅಕ್ಷರದಿಂದ ಗುರುತಿಸುವುದರಿಂದ ಈ ಹೆಸರು ಬಂದಿದೆ.

ಹಿನ್ನೆಲೆ

ಬೆಂಗಳೂರು ನಗರವು ಒಂದು ಏರುದಿಬ್ಬದ ಮೇಲೆ ನಿಂತಿದೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಮತ್ತು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಪೂರ್ವಕ್ಕೆ ಬಿದ್ದದ್ದು ಕೋರಮಂಗಲ, ಚಲ್ಲಘಟ್ಟ ಹಾಗೂ ಹೆಬ್ಬಾಳ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ದೊಡ್ಡ ನದಿಯೊಂದು ಹತ್ತಿರದಲ್ಲಿ ಹರಿಯದ ಈ ಊರಿಗೆ ಸರಪಳಿಯಂತೆ ಜೋಡಿಸಿದ ಕೆರೆಗಳೂ ಒಂದು ಕೆರೆಯ ಕೋಡಿ ನೀರನ್ನು ಮುಂದಿನದಕ್ಕೆ ಒಯ್ಯುವ ರಾಜಕಾಲುವೆಗಳೂ ನದಿಯ ಸ್ಥಾನದಲ್ಲಿದ್ದವು.

ಆ ಸರಪಳಿಯ ಕೊಂಡಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಕಳಚಿದವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ ಬಂದವು. ಕೋರಮಂಗಲ ಕೆರೆಯ ನೆಲದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ನಿರ್ಮಾಣವಾಯಿತು. ಸಂಪಂಗಿ ಕೆರೆಯ ಪೈಕಿ ಉಳಿದದ್ದು ಕ್ರೀಡಾಂಗಣದ ಪಕ್ಕದ ಒಂದು ಸಣ್ಣ ಕೊಳ ಮಾತ್ರ. ಬೆಂಗಳೂರು ಕರಗದ ವಿಧಿಗಳಿಗೆ ಅದು ಇಂದಿಗೂ ಅಗತ್ಯವಾದುದರಿಂದಲೇ ಉಳಿದಿದೆ ಎನ್ನಬಹುದು. ಕೆರೆಗಳು ಹೋದ ಮೇಲೆ ಅವುಗಳನ್ನು ಬೆಸೆಯುತ್ತಿದ್ದ ಕಾಲುವೆಗೆ ಮನೆಗಳ ಕೊಳಚೆ, ಕಟ್ಟಡಗಳ ಅವಶೇಷ ಮತ್ತು ಕಸ ಬಂದು ಸೇರಿದವು. ‘ರಾಜಕಾಲುವೆ’ ಎಂಬ ಗೌರವದ ಹೆಸರು ಜನರ ಬಾಯಲ್ಲಿ ‘ಮೋರಿ’ಯಾಯಿತು.

ಬೆಂಗಳೂರಿನ ಮಳೆನೀರು ನಿರ್ವಹಣೆಯ ಕುರಿತು 2021ರಲ್ಲಿ ಮಂಡನೆಯಾದ ಭಾರತದ ಮಹಾಲೇಖಪಾಲರ ವರದಿಯ ಪ್ರಕಾರ, 1900ರ ದಶಕದ ಆರಂಭದಲ್ಲಿ 113.24 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳ ಒಟ್ಟು ಉದ್ದ 2016–17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿತ್ತು. ಅಂದರೆ ನೀರು ಹರಿಯುವ ದಾರಿಯ ಅರ್ಧದಷ್ಟು ಭಾಗ ನೆಲದ ಮೇಲಿಂದಲೇ ಅಳಿಸಿಹೋಗಿತ್ತು.

ತಜ್ಞರು, ಹೋರಾಟಗಾರರು ಮತ್ತು ನ್ಯಾಯಾಲಯಗಳು

ಜಲಮೂಲಗಳ ನಾಶವನ್ನು ಅಂಕಿಅಂಶಗಳ ಮೂಲಕ ಸಾರ್ವಜನಿಕ ಚರ್ಚೆಗೆ ತಂದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಪ್ರಮುಖರು. ಉಪಗ್ರಹ ಚಿತ್ರಗಳ ಆಧಾರದ ಮೇಲೆ 1970ರ ದಶಕದಿಂದೀಚೆಗೆ ನಗರದ ಜಲಮೂಲಗಳ ಶೇ 79ರಷ್ಟು ನಷ್ಟವಾಗಿದೆ ಎಂದು ಅವರ ತಂಡ ತೋರಿಸಿತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯೂ ಅದರ ಲಿಯೋ ಸಲ್ಡಾನಾ ಅವರೂ 2008ರಲ್ಲಿ ಕೆರೆಗಳ ಖಾಸಗೀಕರಣದ ವಿರುದ್ಧ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಾಗಿ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. ಕೆರೆಗಳ ಜೊತೆಗೆ ಅವುಗಳ ಕಾಲುವೆಗಳನ್ನೂ ಸಂರಕ್ಷಿಸಬೇಕೆಂಬ ವಾದಕ್ಕೆ ಇದರಿಂದ ಬಲ ಬಂದಿತು.

ದಂಡೆಯಲ್ಲಿ ಎಷ್ಟು ಜಾಗವನ್ನು ಖಾಲಿ ಬಿಡಬೇಕು ಎಂಬುದು ಹೆಚ್ಚು ವಿವಾದಕ್ಕೊಳಗಾದ ವಿಷಯ. 2015ರ ಪರಿಷ್ಕೃತ ಮಹಾಯೋಜನೆಯು ಪ್ರಾಥಮಿಕ ರಾಜಕಾಲುವೆಗಳಿಗೆ ಮಧ್ಯರೇಖೆಯಿಂದ 50 ಮೀಟರ್, ದ್ವಿತೀಯಕ ಕಾಲುವೆಗಳಿಗೆ 25 ಮೀಟರ್, ತೃತೀಯಕ ಕಾಲುವೆಗಳಿಗೆ 15 ಮೀಟರ್ ಮೀಸಲು ವಲಯವನ್ನು ವಿಧಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳ ಆದೇಶದಲ್ಲಿ ಅಳತೆಯ ಎಣಿಕೆಯನ್ನು ಕಾಲುವೆಯ ಅಂಚಿನಿಂದ ಆರಂಭಿಸಿ ಈ ವಲಯವನ್ನು ವಿಸ್ತರಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಸ್ತರಣೆಯನ್ನು ರದ್ದುಗೊಳಿಸಿತು. ಮಹಾಯೋಜನೆಯ ಅಳತೆಗಳೇ ಮತ್ತೆ ಜಾರಿಗೆ ಬಂದವು. ಆದರೆ ಕೆ-100 ಹಾದುಹೋಗುವ ಹಳೆಯ ಬಡಾವಣೆಗಳಲ್ಲಿ ಮನೆಗಳ ಗೋಡೆ ಕಾಲುವೆಯ ಗೋಡೆಗೆ ಅಂಟಿಕೊಂಡೇ ಇರುವ ಕಡೆಗಳು ಕಡಿಮೆಯಲ್ಲ.

ಕಾಲುವೆಯ ತುದಿಯಲ್ಲಿರುವ ಬೆಳ್ಳಂದೂರು ಕೆರೆಯ ಸ್ಥಿತಿಯೇ ಆಡಳಿತವನ್ನು ಹೆಚ್ಚು ಎಚ್ಚರಿಸಿತು. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡದ್ದು ದೇಶಾದ್ಯಂತ ಸುದ್ದಿಯಾಯಿತು. 2017 ಮತ್ತು 2018ರಲ್ಲಿಯೂ ಕೆರೆಯಂಗಳ ಹೊತ್ತಿ ಉರಿಯಿತು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಪುನಶ್ಚೇತನಕ್ಕೆ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸುವಂತೆ ಸೂಚಿಸಿತು. ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಮೇಲಿನ ಕಾಲುವೆ ಶುದ್ಧವಾಗದೆ ಕೆಳಗಿನ ಕೆರೆ ಶುದ್ಧವಾಗದು ಎಂಬ ಸರಳ ಸಂಗತಿ ಇದರೊಂದಿಗೆ ಸರ್ಕಾರಿ ಕಡತಗಳಿಗೂ ಬಂದಿತು.

ವಿನ್ಯಾಸ

ಯೋಜನೆಯ ರೂಪುರೇಷೆಯನ್ನು ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ನೇತೃತ್ವದ ತಂಡ ಸಿದ್ಧಪಡಿಸಿತು. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಚಿಯೊಂಗ್ಗೆಚಿಯೊನ್ ತೊರೆ ಇದಕ್ಕೆ ಪ್ರೇರಣೆ. ಅಲ್ಲಿ ತೊರೆಯನ್ನು ಮುಚ್ಚಿ ನಿಂತಿದ್ದ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವಿ, 2003ರಿಂದ 2005ರ ಅವಧಿಯಲ್ಲಿ ಸುಮಾರು 5.8 ಕಿ.ಮೀ. ಉದ್ದದ ಜಲದಂಡೆಯನ್ನು ಪುನರ್ನಿರ್ಮಿಸಲಾಯಿತು.

ಕೆ-100ರಲ್ಲಿ ಮೊದಲ ಕೆಲಸ ಕಾಲುವೆಗೆ ಸೇರುವ ಕೊಳಚೆ ಕೊಳವೆಗಳನ್ನು ಪತ್ತೆಹಚ್ಚಿ ಒಳಚರಂಡಿ ಜಾಲಕ್ಕೆ ತಿರುಗಿಸುವುದು. ಅನಂತರ ಹೂಳು ತೆಗೆಯುವುದು, ತಡೆಗೋಡೆಗಳನ್ನು ಬಲಪಡಿಸುವುದು, ಬೇಸಿಗೆಯಲ್ಲಿಯೂ ಹರಿವು ನಿಲ್ಲದಂತೆ ಸಂಸ್ಕರಿಸಿದ ನೀರನ್ನು ಬಿಡುವುದು, ದಂಡೆಯಲ್ಲಿ ಕಾಲುದಾರಿ, ಕಿರುಸೇತುವೆ, ಆಸನ ಮತ್ತು ಸಸಿಗಳನ್ನು ಒದಗಿಸುವುದು ಸೇರಿವೆ. ಕಣ್ಣಿಗೆ ಕಾಣುವ ಉದ್ಯಾನವು ಕಾಣದ ಕೊಳವೆಗಳ ಕೆಲಸವನ್ನೇ ಅವಲಂಬಿಸಿದೆ: ಒಂದೇ ಒಂದು ಅಡ್ಡಬೀದಿಯ ಕೊಳಚೆ ತಪ್ಪಿಹೋದರೂ ಕೆಳಗಿನ ಇಡೀ ದಂಡೆ ನಾರುತ್ತದೆ. ವೆಚ್ಚವನ್ನು ಸುಮಾರು 175 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು.

ಅನುಷ್ಠಾನ ಮತ್ತು ಟೀಕೆ

ಕಾಮಗಾರಿಯು ಹಲವು ಗಡುವುಗಳನ್ನು ಮೀರಿತು. ಶಾಂತಿನಗರದ ಸುತ್ತಲಿನ ಭಾಗ ಮೊದಲಿಗೆ ರೂಪ ಪಡೆಯಿತು. ಹೊಣೆಗಾರಿಕೆಯ ಹಂಚಿಕೆ ವಿಳಂಬಕ್ಕೆ ಒಂದು ಕಾರಣ: ಮಳೆನೀರು ಕಾಲುವೆ ಪಾಲಿಕೆಗೆ, ಕೊಳಚೆ ಜಲಮಂಡಳಿಗೆ, ಬೆಳ್ಳಂದೂರು ಕೆರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿದ್ದವು. ನೀರಿಗೆ ಈ ಗಡಿಗಳ ಪರಿವೆಯಿಲ್ಲ.

ಟೀಕೆ ಮುಖ್ಯವಾಗಿ ಎರಡು ದಿಕ್ಕುಗಳಿಂದ ಬಂದಿದೆ. ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುವ ನೀರು ನೆಲಕ್ಕೆ ಇಂಗದು, ಮಳೆಗಾಲದಲ್ಲಿ ವೇಗವಾಗಿ ಕೆಳಗಿನ ಬಡಾವಣೆಗಳಿಗೆ ನುಗ್ಗುತ್ತದೆ. ಆದ್ದರಿಂದ ಇದು ಪುನಶ್ಚೇತನವಲ್ಲ, ಅಲಂಕಾರ ಎಂಬುದು ಪರಿಸರವಾದಿಗಳ ಆಕ್ಷೇಪ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತಾಗ ಈ ವಾದ ಮತ್ತೆ ಕೇಳಿಬಂದಿತು. ದಂಡೆಯ ನಿವಾಸಿಗಳ ದೂರು ಇನ್ನೂ ಸರಳ: ಮಳೆ ಬಂದಾಗ ಕೊಳಚೆ ಮರಳುತ್ತದೆ, ಕಸ ಸುರಿಯುವುದು ನಿಂತಿಲ್ಲ. ಪ್ರೇರಣೆಯಾದ ಸಿಯೋಲ್ ತೊರೆಯೂ ಟೀಕಾತೀತವಲ್ಲ; ಅದರಲ್ಲಿ ಹರಿಯುವ ನೀರಿನ ಬಹುಪಾಲನ್ನು ಹಾನ್ ನದಿಯಿಂದ ಪಂಪು ಮಾಡಲಾಗುತ್ತದೆ.

ಕಾಲುವೆಗೆ ಹಸಿರು ದಂಡೆ ಕಟ್ಟುವ ಇಂಥದೇ ಪ್ರಯತ್ನ ಉತ್ತರ ಕರ್ನಾಟಕದಲ್ಲಿಯೂ ನಡೆದಿದೆ. ಹುಬ್ಬಳ್ಳಿಯ ಉಣಕಲ್ ನಾಲೆಯ ದಂಡೆಯಲ್ಲಿ ನಡಿಗೆ ಮತ್ತು ಸೈಕಲ್ ಪಥವನ್ನು ನಿರ್ಮಿಸುವ ಹಸಿರು ಸಂಚಾರ ಪಥ ಯೋಜನೆಯು, 2018ರಲ್ಲಿ ಆರಂಭವಾದ ‘ಸಿಟೀಸ್’ ಕಾರ್ಯಕ್ರಮದಡಿ ಆಯ್ಕೆಯಾದ 12 ನಗರಗಳ ಯೋಜನೆಗಳಲ್ಲಿ ಒಂದು. ಫ್ರೆಂಚ್ ಅಭಿವೃದ್ಧಿ ಸಂಸ್ಥೆ ಮತ್ತು ಐರೋಪ್ಯ ಒಕ್ಕೂಟಗಳು ಇದಕ್ಕೆ ನೆರವು ನೀಡಿವೆ.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.