ಮಗುವಿನ ಸೊಟ್ಟಗಾಲು: ದೊಡ್ಡವರಾದ ಮೇಲೆ ಆಪರೇಷನ್ ಮಾಡಿಸಿದರಾಯಿತೇ?

ಎಣ್ಣೆ ಹಚ್ಚಿ ನೀವಿದರೆ ಮಗುವಿನ ಸೊಟ್ಟಗಾಲು ನೆಟ್ಟಗಾಗುತ್ತದೆ, ಆಗದಿದ್ದರೆ ದೊಡ್ಡವರಾದ ಮೇಲೆ ಆಪರೇಷನ್ ಮಾಡಿಸಿದರಾಯಿತು. ಇಂಥ ಸಲಹೆ ಮನೆಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಸಾಮಾನ್ಯ. ಇದರಲ್ಲಿ ಮೊದಲನೆಯ ಮಾತು ನಿಜವೆನ್ನಿಸಲು ಕಾರಣವಿದೆ. ಎರಡನೆಯದನ್ನು ನಂಬಿದರೆ ಮಗುವಿಗೆ ನಷ್ಟ.

ಹುಟ್ಟಿದಾಗ ಬಹುತೇಕ ಮಕ್ಕಳ ಕಾಲು ಬಿಲ್ಲಿನಂತೆ ಹೊರಬಾಗಿರುತ್ತದೆ. ಸುಮಾರು 2 ವರ್ಷಕ್ಕೆ ನೆಟ್ಟಗಾಗುತ್ತದೆ. 3-4 ವರ್ಷದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮಂಡಿಗಳು ಒಂದಕ್ಕೊಂದು ತಾಗುವಂತಾಗುತ್ತವೆ. 7 ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ಅದೂ ಸರಿಹೋಗುತ್ತದೆ. ಎಣ್ಣೆ ಹಚ್ಚಿದವರು ಎಣ್ಣೆಯಿಂದ, ವಿಶೇಷ ಶೂ ಕೊಡಿಸಿದವರು ಶೂನಿಂದ ವಾಸಿಯಾಯಿತು ಎನ್ನುತ್ತಾರೆ. ಏನೂ ಮಾಡದವರ ಮಕ್ಕಳ ಕಾಲೂ ಅಷ್ಟೇ ನೆಟ್ಟಗಾಗಿರುತ್ತದೆ!

ಆದರೆ ಒಂದೇ ಕಾಲು ಬಾಗಿದ್ದರೆ, 2 ವರ್ಷ ದಾಟಿದ ಮೇಲೂ ಹೊರಬಾಗು ಹೆಚ್ಚುತ್ತಿದ್ದರೆ, 7 ವರ್ಷವಾದರೂ ಮಂಡಿಗಳು ತೀರಾ ಒಳಸೇರಿದ್ದರೆ, ನೋವು ಅಥವಾ ಕುಂಟು ಇದ್ದರೆ, ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆಂದು ಬರುವ ಆರ್‌ಬಿಎಸ್‌ಕೆ ತಂಡಕ್ಕೂ ಹೇಳಬಹುದು. ಎಕ್ಸ್-ರೇ, ರಕ್ತ ಪರೀಕ್ಷೆಗಳಲ್ಲಿ ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕೊರತೆಯ ರಿಕೆಟ್ಸ್ ಎಂದು ಗೊತ್ತಾದರೆ ಮೊದಲು ಔಷಧಿ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಬಾರಿ ಅಷ್ಟೇ ಸಾಕಾಗುತ್ತದೆ. ಕೊರತೆಯನ್ನು ಸರಿಪಡಿಸದೆ ಆಪರೇಷನ್ ಮಾಡಿದರೆ ಕಾಲು ಮತ್ತೆ ಬಾಗಬಹುದು.

ಔಷಧಿಯಿಂದ ಸರಿಹೋಗದ ಬಾಗನ್ನು ತಿದ್ದಲು ಮಗುವಿನ ಬೆಳವಣಿಗೆಯೇ ನೆರವಾಗುತ್ತದೆ. ಮೂಳೆ ಉದ್ದವಾಗುವುದು ಅದರ ತುದಿಯ ಹತ್ತಿರವಿರುವ ಮೃದುವಾದ ಬೆಳವಣಿಗೆಯ ಪದರದಿಂದ. ಮಂಡಿ ಒಳಸೇರಿದ್ದರೆ ಆ ಪದರದ ಒಳಬದಿಗೆ ಅಡ್ಡಲಾಗಿ ಒಂದು ಪುಟ್ಟ ಪ್ಲೇಟನ್ನು ಎರಡು ಸ್ಕ್ರೂ ಹಾಕಿ ಕೂರಿಸುತ್ತಾರೆ. ಆ ಬದಿಯ ಬೆಳವಣಿಗೆ ತಡೆಯುತ್ತದೆ, ಹೊರಬದಿ ಬೆಳೆಯುತ್ತಾ ಹೋಗುತ್ತದೆ, ಕಾಲು ತಾನಾಗಿಯೇ ನೇರವಾಗುತ್ತದೆ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ಬೇಕು. ಮೂಳೆ ಕತ್ತರಿಸುವುದಿಲ್ಲ, ಮಗು ಕೆಲವೇ ದಿನಗಳಲ್ಲಿ ನಡೆಯುತ್ತದೆ. ಅಮೆರಿಕದ ಡಾ. ಪೀಟರ್ ಸ್ಟೀವನ್ಸ್ 2007ರಲ್ಲಿ ಪ್ರಕಟಿಸಿದ ಈ ವಿಧಾನ ಇಂದು ನಮ್ಮಲ್ಲೂ ಬಳಕೆಯಲ್ಲಿದೆ.

ಇದು ನಡೆಯುವುದು ಮೂಳೆ ಬೆಳೆಯುತ್ತಿರುವವರೆಗೆ ಮಾತ್ರ. ಹುಡುಗಿಯರಲ್ಲಿ ಸುಮಾರು 14, ಹುಡುಗರಲ್ಲಿ ಸುಮಾರು 16 ವರ್ಷಕ್ಕೆ ಮಂಡಿಯ ಬಳಿಯ ಬೆಳವಣಿಗೆ ನಿಲ್ಲುತ್ತದೆ. ಮದುವೆ ಹೊತ್ತಿಗೆ ನೋಡೋಣ ಎಂದು ಕಾದರೆ ಮೂಳೆಯನ್ನೇ ಕತ್ತರಿಸಿ ನೇರಮಾಡಿ, ಪ್ಲೇಟ್ ಅಥವಾ ಹೊರಗಿನಿಂದ ರಿಂಗ್ ಹಾಕಿ ಕೂಡಿಸಬೇಕಾಗುತ್ತದೆ. ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ.

ಪ್ಲೇಟ್ ಹಾಕಿಸಿದ ಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ. ಕಾಲು ನೇರವಾದ ಮೇಲೂ ಅದನ್ನು ತೆಗೆಸದೆ ಬಿಟ್ಟರೆ ಕಾಲು ಇನ್ನೊಂದು ಕಡೆಗೆ ಬಾಗತೊಡಗುತ್ತದೆ.