ಅವ್ವ ಸಾರಿಸಿದ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನನ್ನ ಮಗ ತುಮಕೂರಿನ ತನ್ನ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದಾನೆ. ಹೋದ ತಿಂಗಳು ಬಂದ ಇಂಜಿನಿಯರ್ ಹುಡುಗ, "ಮೇಡಂ, ಗೋಡೆಗೆ ಮಣ್ಣಿನ ಬ್ಲಾಕ್ ಹಾಕೋಣವೇ?" ಎಂದು ಕೇಳಿದ. ನನ್ನ ಬಾಯಿಂದ ತಟ್ಟನೆ ಬಂದದ್ದು "ಬೇಡಪ್ಪ" ಎಂಬ ಮಾತು. ಯಾಕೆಂದು ಅವನು ಕೇಳಲಿಲ್ಲ. ರಾತ್ರಿ ಮಲಗಿದಾಗ ನನ್ನನ್ನು ನಾನೇ ಕೇಳಿಕೊಂಡೆ.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ, ಮಣ್ಣಿನ ಮನೆಯಲ್ಲಿ. ಕೆಮ್ಮಣ್ಣಿಗೆ ಹುಲ್ಲು ಬೆರೆಸಿ, ನೀರು ಹಾಕಿ ತುಳಿದು, ಒಂದೊಂದು ಮೊಳದಷ್ಟು ಏರಿಸಿ ಒಣಗಿಸುತ್ತಾ ಕಟ್ಟಿದ ದಪ್ಪ ಗೋಡೆ. ಮೇಲೆ ನಾಡಹೆಂಚು. ಬೇಸಿಗೆಯಲ್ಲಿ ಶಾಲೆಯಿಂದ ಬಂದು ಹೊಸಿಲು ದಾಟಿದರೆ ಮೈ ತಣ್ಣಗಾಗುತ್ತಿತ್ತು. ಮಣ್ಣಿನ ಮನೆಯ ಬಗ್ಗೆ ಬರೆಯುವವರೆಲ್ಲ ಈ ತಂಪನ್ನು ಬರೆಯುತ್ತಾರೆ. ಅದನ್ನು ಉಳಿಸಿಕೊಳ್ಳಲು ಸವೆಯುತ್ತಿದ್ದ ಕೈಗಳ ಮಾತನ್ನು ಮಾತ್ರ ಮರೆಯುತ್ತಾರೆ.

ಮಳೆಯ ಎರಚಲಿಗೆ ಗೋಡೆಯ ಬುಡ ಪ್ರತಿ ವರ್ಷ ಕರಗುತ್ತಿತ್ತು. ಮಳೆ ನಿಂತೊಡನೆ ಅವ್ವ ಮಣ್ಣು ಕಲಸಿ ಮೆತ್ತಬೇಕು. ಹೆಗ್ಗಣದ ಬಿಲಕ್ಕೆ ಕಲ್ಲು ಜಡಿಯಬೇಕು, ಗೆದ್ದಲು ಕೆರೆಯಬೇಕು. ಹಬ್ಬ ಬಂತೆಂದರೆ ಸುಣ್ಣ ಬಳಿಯಬೇಕು, ದಿನವೂ ನೆಲ ಸಾರಿಸಬೇಕು. ಸುಣ್ಣ ತಿಂದು ಅವಳ ಬೆರಳ ಸಂದಿಗಳು ಬಿರುಕು ಬಿಟ್ಟಿರುತ್ತಿದ್ದವು. ಆ ಕೈಯಲ್ಲೇ ರಾಗಿ ಮುದ್ದೆ ತೊಳೆಸುವಾಗ "ಸ್" ಎನ್ನುತ್ತಿದ್ದದ್ದು ಈಗಲೂ ನನ್ನ ಕಿವಿಯಲ್ಲಿದೆ.

1990ರಲ್ಲಿ ಆ ಮನೆಯನ್ನು ಕೆಡವಿಸಿದವಳು ನಾನೇ. ಬಿ.ಎ. ಮುಗಿಸಿ ಬಿ.ಎಡ್. ಓದುತ್ತಿದ್ದೆ. ನೋಡಲು ಬರುವ ಗಂಡಿನವರು ಮಣ್ಣಿನ ಮನೆ ಕಂಡು ಏನೆಂದುಕೊಂಡಾರು ಎಂದು ಹಠ ಹಿಡಿದೆ. ಅಪ್ಪ ಸಾಲ ಮಾಡಿ ಇಟ್ಟಿಗೆಯ ಗೋಡೆ, ಆರ್‌ಸಿಸಿ ತಾರಸಿ ಹಾಕಿಸಿದರು. ಅವ್ವ ಮಾತ್ರ, "ಇನ್ನ ಸಾರ್ಸೋದು ತಪ್ತು ಕಣವ್ವ" ಎಂದು ಹಿಗ್ಗಿದಳು. ಮುಂದಿನ ಬೇಸಿಗೆಯಲ್ಲಿ ಕಾದ ತಾರಸಿ ನಡುರಾತ್ರಿಯವರೆಗೂ ಶಾಖ ಉಗುಳಿತು. ಅವ್ವ ಚಾಪೆ ಎತ್ತಿಕೊಂಡು ಜಗಲಿಗೆ ಬಂದಳು. ಆದರೂ ಹಳೆಯ ಮನೆಯೇ ಚೆನ್ನಾಗಿತ್ತೆಂದು ಅವಳು ಒಂದು ದಿನವೂ ಹೇಳಲಿಲ್ಲ.

"ಬೇಡಪ್ಪ" ಎಂದದ್ದು ಇದಕ್ಕೇ ಇರಬೇಕು. ಆದರೆ ಇತಿಹಾಸ ಪಾಠ ಮಾಡುವವಳು ತಿಳಿಯದೆ ಬೇಡವೆನ್ನಬಾರದಲ್ಲ! ಪುಸ್ತಕ ಹುಡುಕಿ ಓದತೊಡಗಿದೆ.

ಮಣ್ಣಿನ ಮನೆಯನ್ನು ಮತ್ತೆ ಗೌರವದಿಂದ ನೋಡಬೇಕೆಂದು ಹೊರಟವರಲ್ಲಿ ಈಜಿಪ್ಟಿನ ಹಸನ್ ಫಾತಿ ಹೆಸರಾದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮರಕ್ಕೂ ಕಬ್ಬಿಣಕ್ಕೂ ಬರ. ತೊಲೆಯಿಲ್ಲದೆ ಸೂರು ಹಾಕುವುದು ಹೇಗೆ? ಅಸ್ವಾನಿನ ಕಡೆಯ ನೂಬಿಯಾ ಗಾರೆಯವರು ಕೆಳಗೆ ಮರದ ಆಸರೆಯನ್ನೂ ಕೊಡದೆ ಹಸಿ ಇಟ್ಟಿಗೆಯಲ್ಲೇ ಕಮಾನು ಸೂರು ಕಟ್ಟುವುದನ್ನು ಫಾತಿ ಕಂಡರು. ಆ ವಿದ್ಯೆಯಿಂದಲೇ 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗೂರ್ನಾ ಎಂಬ ಊರನ್ನು ಕಟ್ಟತೊಡಗಿದರು. ಹಳೆಯ ಗೋರಿಗಳ ಮೇಲೆ ವಾಸವಾಗಿದ್ದ ಜನರನ್ನು ಅಲ್ಲಿಗೆ ಸಾಗಿಸುವುದು ಸರ್ಕಾರದ ಯೋಜನೆ. ಊರು ಚೆಲುವಾಗಿ ಎದ್ದಿತು. ಹಳಬರಲ್ಲಿ ಹೆಚ್ಚಿನವರು ಮಾತ್ರ ಬರಲೊಪ್ಪಲಿಲ್ಲ. ಕೆಲಸ ಅರ್ಧಕ್ಕೇ ನಿಂತಿತು. ಫಾತಿ ಆ ಕಥೆಯನ್ನೇ ಪುಸ್ತಕ ಮಾಡಿದರು. 1973ರಲ್ಲಿ ಅಮೆರಿಕದಿಂದ ಅದು 'ಬಡವರಿಗಾಗಿ ವಾಸ್ತುಶಿಲ್ಪ' ಎಂಬರ್ಥದ ಹೆಸರಿನಲ್ಲಿ ಹೊರಬಂದಾಗ ಊರು ಕಟ್ಟುವವರೆಲ್ಲ ಓದಿದರು. ಮನೆ ಎಷ್ಟೇ ಚೆಂದವಿರಲಿ, ಅದರಲ್ಲಿ ಬಾಳಬೇಕಾದವರ ಮನಸ್ಸು ಒಪ್ಪದಿದ್ದರೆ ಅದು ಬರಿಯ ಗೋಡೆ, ಅಲ್ಲವೇ?

1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ರಾಮಿರೆಜ್ ಎಂಬ ಇಂಜಿನಿಯರ್ ಬೇರೆ ದಾರಿ ಹಿಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕಬ್ಬಿಣದ ಅಚ್ಚಿನಲ್ಲಿ ತುಂಬಿ, ಉದ್ದನೆಯ ಹಿಡಿಯನ್ನು ಕೈಯಿಂದ ಒತ್ತಿ ಗಟ್ಟಿ ಮಾಡುವ ಯಂತ್ರ ಅವರದು. ಕರೆಂಟು ಬೇಡ, ಸುಡುವ ಭಟ್ಟಿಯೂ ಬೇಡ. ಅದು ನಾನಾ ದೇಶಗಳಿಗೆ ಹರಡಿತು.

ನಮ್ಮ ನಾಡಿನ ಕಥೆ ಓದಿದಾಗಲಂತೂ ನನಗೆ ಆಶ್ಚರ್ಯ, ನಾಚಿಕೆ ಎರಡೂ ಆದವು. ಅಸ್ತ್ರ ಒಲೆ ನಿಮಗೂ ನೆನಪಿರಬಹುದು. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿ, ಕಡಿಮೆ ಸೌದೆಯಲ್ಲಿ ಅಡುಗೆ ಮಾಡಿಸುತ್ತಿದ್ದ ಒಲೆ. ಚಿಕ್ಕವಳಿದ್ದಾಗ ಒಲೆಗೇಕೆ ಆಯುಧದ ಹೆಸರು ಎಂದುಕೊಂಡಿದ್ದೆ. ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ತಂಡದ ಹೆಸರು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅವರ ಗುರಿ. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಅವರ ಕೇಂದ್ರವಿತ್ತು. ಅದೇ ತಂಡದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ನಮ್ಮ ಕೆಮ್ಮಣ್ಣಿಗೆ ಹೊಂದುವ ಒತ್ತು ಯಂತ್ರವನ್ನೂ ಬ್ಲಾಕನ್ನೂ ರೂಪಿಸಿದರು. ಮಣ್ಣಿನ ಮನೆಯೆಂದು ನಾನು ನಾಚುತ್ತಿದ್ದ ಹೊತ್ತಿನಲ್ಲಿ ವಿಜ್ಞಾನಿಗಳು ಪಕ್ಕದ ಊರಿನಲ್ಲೇ ಮಣ್ಣನ್ನು ಪರೀಕ್ಷಿಸುತ್ತಿದ್ದರು!

ಅದರ ಗುಟ್ಟು ಸರಳ. ಮಣ್ಣಿನಲ್ಲಿರುವ ಜೇಡಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗೋಡೆ ಬಿರಿಯುವುದೂ ಕರಗುವುದೂ ಅದರಿಂದಲೇ. ಮರಳಿನ ಅಂಶ ಹೆಚ್ಚಿರುವ ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಬೆರೆಸಿ ಒತ್ತಿ, ಮೂರು ನಾಲ್ಕು ವಾರ ಮುಚ್ಚಿಟ್ಟು ನೀರು ಚಿಮುಕಿಸಿದರೆ ಬ್ಲಾಕು ಕರಗುವುದಿಲ್ಲ. ಎರೆಮಣ್ಣು ಹಾಗೆಯೇ ಒಗ್ಗದು, ಮರಳು ಸೇರಿಸಬೇಕು. ಇಟ್ಟಿಗೆಗಾದರೆ ಸೌದೆ, ಕಲ್ಲಿದ್ದಲು ಸುಡಬೇಕು. ಇದಕ್ಕೆ ಬೆಂಕಿಯೇ ಬೇಡ. ಇಂಥ ಸಾಮಗ್ರಿಗಳಿಂದ ಕಟ್ಟಿದರೆ ಕಟ್ಟಡದ ಸಾಮಗ್ರಿಗೆ ತಗಲುವ ಶಕ್ತಿಯನ್ನು ಅರ್ಧದಷ್ಟು ಉಳಿಸಬಹುದೆಂದು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಎಂಟನೆಯ ತರಗತಿಯ ಮಕ್ಕಳೊಂದಿಗೆ ನಾನೂ ಒಂದು ಪರೀಕ್ಷೆ ಮಾಡಿದೆ. ಸೈಟಿನ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆವು. ಮರಳು ಬೇಗ ತಳಕ್ಕಿಳಿಯಿತು. ಜೇಡಿ ನಿಧಾನವಾಗಿ ಅದರ ಮೇಲೆ ಕೂತಿತು. ಮರುದಿನ ಸ್ಕೇಲಿಟ್ಟು ಅಳೆದರೆ ಮುಕ್ಕಾಲು ಪಾಲಿಗೆ ಹತ್ತಿರ ಮರಳೇ!

ಆಮೇಲೆ ಇಂಜಿನಿಯರ್ ಹುಡುಗನನ್ನು ಕರೆಸಿ ಅವ್ವನ ಪರವಾಗಿ ಕೇಳಿದೆ. ವರ್ಷಾವರ್ಷ ಮೆತ್ತಬೇಕೇ? ಎರಚಲಿಗೆ ಏನು ಗತಿ? ಗೆದ್ದಲು? ಮೆತ್ತುವುದು ಬೇಕಿಲ್ಲ, ತಳಪಾಯ ಕಲ್ಲಿನದಿರಲಿ, ಸಜ್ಜ ಚೆನ್ನಾಗಿ ಮುಂದೆ ಬರಲಿ, ಬಾಗಿಲು ಕಿಟಕಿಯ ಮರಕ್ಕೆ ಮಾತ್ರ ಗೆದ್ದಲಿನ ಔಷಧ ಹೊಡೆಸಿ ಎಂದ. ತಾರಸಿಯೂ ಕಾಯದ ಹಾಗೆ ಏನಾದರೂ ಮಾಡಪ್ಪ ಎಂದೆ. ಗೋಡೆಗಿಂತ ಸೂರಿನಿಂದಲೇ ಶಾಖ ಹೆಚ್ಚು ಇಳಿಯುವುದೆಂದು ಅವನೂ ಒಪ್ಪಿದ.

ಮಾದರಿಗೆ ತಂದುಕೊಟ್ಟ ಒಂದು ಬ್ಲಾಕನ್ನು ಊರಿಗೆ ಒಯ್ದು ಅವ್ವನ ಮುಂದಿಟ್ಟೆ. ಎಂಬತ್ತು ದಾಟಿದ ಅವಳು ಉಗುರಿನಿಂದ ಕೆರೆದಳು. ಚೊಂಬಿನ ನೀರು ಹೊಯ್ದು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಮಣ್ಣು ಕೈಗೆ ಹತ್ತಲಿಲ್ಲ.

"ಇದ್ನ ಯಾರೂ ಸಾರಿಸ್ಬೇಕಾಗಿಲ್ವಾ?"

"ಇಲ್ಲ ಕಣವ್ವ."

"ಹಂಗಾರೆ ಕಟ್ಸಿ" ಎಂದಳು.