ಕಾಗುಣಿತ ತಪ್ಪಿರುವ ರಿವ್ಯೂ ನಕಲಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ತಪ್ಪು ತಪ್ಪು ಭಾಷೆಯಲ್ಲಿರುವ ರಿವ್ಯೂ ನಂಬಬೇಡಿ, ಅವೆಲ್ಲ ದುಡ್ಡು ಕೊಟ್ಟು ಬರೆಸಿದ್ದು." ಆನ್‌ಲೈನ್ ಖರೀದಿ ಬಗ್ಗೆ ಇಂತಹ ಸಲಹೆಯನ್ನು ನೀವೂ ಕೇಳಿರಬಹುದು. ಕೇಳಲು ಸರಿ ಎನಿಸುತ್ತದೆ. ಆದರೆ ಇದನ್ನು ನಂಬಿದರೆ ನಿಜ ಹೇಳಿದವರನ್ನು ಬಿಟ್ಟು ಸುಳ್ಳು ಹೇಳಿದವರ ಮಾತಿಗೆ ದುಡ್ಡು ಹಾಕುವ ಸಾಧ್ಯತೆ ಇದೆ.

ಒಂದು ಉದಾಹರಣೆ ನೋಡೋಣ

ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಜಡೆಯಲ್ಲಿ ಒಬ್ಬ ರೈತರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ತರಿಸಬೇಕು ಎಂದುಕೊಂಡಿದ್ದಾರೆ ಎನ್ನಿ. ಮೊಬೈಲ್‌ನಲ್ಲಿ ಎರಡು ರಿವ್ಯೂ ಕಾಣುತ್ತವೆ.

ಮೊದಲನೆಯದು: "ಅತ್ಯುತ್ತಮ ಗುಣಮಟ್ಟದ ಉತ್ಪನ್ನ. ನನ್ನ ಕುಟುಂಬದವರೆಲ್ಲರಿಗೂ ತುಂಬಾ ಇಷ್ಟವಾಯಿತು. ಎಲ್ಲರೂ ತಪ್ಪದೇ ಖರೀದಿಸಿ."

ಎರಡನೆಯದು: "ಬ್ಯಾಟ್ರಿ ಪುಲ್ ಚಾರ್ಜ ಮಾಡಿದ್ರೆ 10 ಕ್ಯಾನ್ ಹೊಡಿಬಹುದು. ನಾಜಲ್ ಎರಡ್ನೆ ತಿಂಗಳಿಗೆ ಲೀಕ ಆಯ್ತು. ರಿಪೇರಿಗೆ ಶಿರಾಳಕೊಪ್ಪಕ್ ಹೋಗ್ಬೇಕು."

ಕಾಗುಣಿತ ನೋಡಿದರೆ ಮೊದಲನೆಯದಕ್ಕೆ ನೂರಕ್ಕೆ ನೂರು ಅಂಕ. ಆದರೆ ಅದನ್ನು ಓದಿ ಸ್ಪ್ರೇಯರ್ ಬಗ್ಗೆ ಏನು ತಿಳಿಯಿತು? ಏನೂ ಇಲ್ಲ. ಅದೇ ಮೂರು ಸಾಲನ್ನು ಮಿಕ್ಸಿಗೂ ಹಾಕಬಹುದು, ಸೀರೆಗೂ ಹಾಕಬಹುದು. ಎರಡನೆಯದನ್ನು ಬರೆಯಲು ಮಾತ್ರ ಸ್ಪ್ರೇಯರ್ ಬಳಸಿಯೇ ಇರಬೇಕು, ಇಲ್ಲವೇ ಬಹಳ ಯೋಚಿಸಿ ಸುಳ್ಳು ಕಟ್ಟಬೇಕು.

ಕಾಗುಣಿತ ಏಕೆ ತಪ್ಪುತ್ತದೆ?

ತಪ್ಪುಗಳಿಗೆ ಸಾಮಾನ್ಯ ಕಾರಣಗಳು ಇವು:

• ಕನ್ನಡ ಟೈಪಿಂಗ್: ಲ-ಳ, ನ-ಣ, ಶ-ಷ, ಒತ್ತಕ್ಷರ, ಮಹಾಪ್ರಾಣ ಇವೆಲ್ಲ ಸಣ್ಣ ಕೀಬೋರ್ಡ್‌ನಲ್ಲಿ ಸುಲಭವಾಗಿ ತಪ್ಪುತ್ತವೆ. ಕೀಬೋರ್ಡ್ ತಾನೇ ಬೇರೆ ಪದ ಹಾಕಿಬಿಡುವುದೂ ಉಂಟು.
• ಇಂಗ್ಲಿಷ್ ಅಕ್ಷರದ ಕನ್ನಡ: ಕೆ-ಎ-ಎಲ್-ಯು ಎಂದು ಒತ್ತಿದರೆ ಅದು ಕಾಲೂ ಆಗಬಹುದು, ಕಾಳೂ ಆಗಬಹುದು.
• ಮಾತಾಡಿ ಟೈಪ್ ಮಾಡುವುದು: ನಮ್ಮ ಊರಿನ ಆಡುಮಾತನ್ನು ಫೋನ್ ತನಗೆ ತಿಳಿದಂತೆ ಬರೆದುಕೊಳ್ಳುತ್ತದೆ.
• ಯಂತ್ರಾನುವಾದ: ಬೇರೆ ಭಾಷೆಯಲ್ಲಿ ಬರೆದ ನಿಜವಾದ ರಿವ್ಯೂ ಅನುವಾದವಾಗಿ ನಮಗೆ ವಿಚಿತ್ರ ಕನ್ನಡದಲ್ಲಿ ಕಾಣಬಹುದು.

ಇವು ಯಾವುದೂ ಬರೆದವರ ಪ್ರಾಮಾಣಿಕತೆಗೆ ಸಂಬಂಧಿಸಿದ್ದಲ್ಲ.

ಸಂಶೋಧನೆ ಏನು ಹೇಳುತ್ತದೆ?

2011ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಲ್ ಆಟ್ ಮತ್ತು ಸಂಗಡಿಗರು ಚಿಕಾಗೋದ 20 ಹೋಟೆಲ್‌ಗಳ ಬಗ್ಗೆ 400 ನಿಜವಾದ ಹಾಗೂ ದುಡ್ಡು ಕೊಟ್ಟು ಬರೆಸಿದ 400 ಸುಳ್ಳು ರಿವ್ಯೂ ಸಂಗ್ರಹಿಸಿದರು. ಅದರಲ್ಲಿ ಒಂದಿಷ್ಟನ್ನು ಮೂವರಿಗೆ ಕೊಟ್ಟು ನಕಲಿ ಗುರುತಿಸಲು ಹೇಳಿದಾಗ, ಅತಿ ಚೆನ್ನಾಗಿ ಗುರುತಿಸಿದವರೂ ನೂರಕ್ಕೆ ಸುಮಾರು 62ರಷ್ಟು ಮಾತ್ರ ಸರಿ ಹೇಳಿದರು. ನಾಣ್ಯ ಚಿಮ್ಮಿ ಊಹಿಸಿದರೂ 50 ಸರಿ ಬರುತ್ತದೆ! ಕಂಪ್ಯೂಟರ್ ಮಾತ್ರ ಸುಮಾರು 90ರಷ್ಟು ಸರಿಯಾಗಿ ಗುರುತಿಸಿತು. ನಿಜವಾಗಿ ತಂಗಿದವರು ಬಚ್ಚಲುಮನೆ, ಜಾಗ, ಕೋಣೆಯ ಗಾತ್ರದ ಬಗ್ಗೆ ಹೆಚ್ಚು ಬರೆದಿದ್ದರು. ಸುಳ್ಳು ಬರೆದವರು ತಮ್ಮ ಬಗ್ಗೆ, ಗಂಡನ ಬಗ್ಗೆ, ರಜೆಯ ಬಗ್ಗೆ ಹೆಚ್ಚು ಬರೆದಿದ್ದರು.

ಹಾಗಿದ್ದರೆ ಕಾಗುಣಿತಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಬೇರೆ ಕಡೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅನಿಂದ್ಯ ಘೋಷ್ ಮತ್ತು ಪನೋಸ್ ಇಪೈರೋಟಿಸ್ ನಡೆಸಿದ ಅಧ್ಯಯನದಲ್ಲಿ, ರಿವ್ಯೂನ ಕಾಗುಣಿತ ಮತ್ತು ಓದುವ ಸುಲಭತೆ ಕೂಡ ಕೊಳ್ಳುವವರ ಮೇಲೆ ಪರಿಣಾಮ ಬೀರುತ್ತದೆ ಎಂದು ಕಂಡುಬಂತು. ಅಮೆರಿಕದ ಚಪ್ಪಲಿ ಮಾರಾಟ ತಾಣ ಝಾಪೋಸ್ ತನ್ನ ಗ್ರಾಹಕರ ರಿವ್ಯೂಗಳ ಕಾಗುಣಿತ, ವ್ಯಾಕರಣವನ್ನು ದುಡ್ಡು ಕೊಟ್ಟು ತಿದ್ದಿಸಿತ್ತು. ಅಂದರೆ ಶುದ್ಧ ಬರಹ ನಮ್ಮನ್ನು ಬೇಗ ನಂಬಿಸುತ್ತದೆ. ಇದು ಮೋಸ ಮಾಡುವವರಿಗೂ ಗೊತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ತಪ್ಪಿಲ್ಲದ ಹತ್ತು ಸುಳ್ಳು ರಿವ್ಯೂ ಬರೆಸಲು ಒಂದು ನಿಮಿಷ ಸಾಕು.

ಗಮನಿಸಿ: ಇದರ ಅರ್ಥ ತಪ್ಪಿರುವ ರಿವ್ಯೂ ಎಲ್ಲವೂ ನಿಜ ಎಂದಲ್ಲ. ತಪ್ಪು ಕನ್ನಡದಲ್ಲೂ ಸುಳ್ಳು ಹೇಳಬಹುದು.

ಹಾಗಾದರೆ ಏನನ್ನು ನೋಡಬೇಕು?

1. ವಿವರ ಇದೆಯೇ? ಎಷ್ಟು ದಿನ ಬಳಸಿದರು, ಏನು ಕೆಟ್ಟಿತು, ಎಲ್ಲಿ ರಿಪೇರಿ ಸಿಕ್ಕಿತು?
2. ಒಂದೇ ವಾಕ್ಯ ಹಲವು ಹೆಸರಿನಲ್ಲಿ ಇದೆಯೇ? ಒಂದೇ ವಿಚಿತ್ರ ತಪ್ಪು ನಾಲ್ಕು ಜನರ ರಿವ್ಯೂನಲ್ಲಿ ಇದ್ದರೆ ಅದು ನಕಲು ಮಾಡಿದ್ದಿರಬಹುದು.
3. ಒಂದೆರಡು ದಿನದಲ್ಲೇ ಹತ್ತಾರು 5 ಸ್ಟಾರ್ ಬಂದಿವೆಯೇ?
4. 2, 3, 4 ಸ್ಟಾರ್ ಕೊಟ್ಟವರನ್ನು ಓದಿ. ಒಳ್ಳೆಯದು, ಕೆಟ್ಟದ್ದು ಎರಡೂ ಅಲ್ಲಿ ಸಿಗುತ್ತವೆ.
5. ಬಳಸಿದ ವಸ್ತುವಿನ ಫೋಟೋ ಇದೆಯೇ?

ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ನೋಡಲೇಬೇಕಾದ ಜಾಗವೂ ಒಂದಿದೆ: ವೆಬ್‌ಸೈಟ್ ವಿಳಾಸ ಮತ್ತು ಕಂಪನಿಯ ಹೆಸರು. ಪ್ರಸಿದ್ಧ ಹೆಸರಿನಲ್ಲಿ ಒಂದಕ್ಷರ ಬದಲಾಗಿದ್ದರೆ ದುಡ್ಡು ಹಾಕಬೇಡಿ.

ಕಾನೂನು ಏನಿದೆ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ರಿವ್ಯೂ ಹಾಕುವಂತಿಲ್ಲ. 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ ಐಎಸ್ 19000:2022 ಎಂಬ ಮಾನದಂಡವೂ ಬಂದಿದೆ. ಬರೆದವರು ಯಾರೆಂದು ಖಚಿತಪಡಿಸಿಕೊಳ್ಳುವ ವಿಧಾನಗಳನ್ನು ಅದು ಹೇಳುತ್ತದೆ. ಇದನ್ನು ಐಚ್ಛಿಕ ಮಾನದಂಡವಾಗಿ ತರಲಾಯಿತು. ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನೀವೂ ಬರೆಯಿರಿ

"ನನಗೆ ಸರಿಯಾಗಿ ಬರೆಯೋಕೆ ಬರಲ್ಲ" ಎಂದು ಸುಮ್ಮನಾಗಬೇಡಿ. ಬಳಸಿದವರು ಬರೆಯದಿದ್ದರೆ ಆ ಜಾಗದಲ್ಲಿ ಬಳಸದವರ ಹೊಗಳಿಕೆ ಮಾತ್ರ ಉಳಿಯುತ್ತದೆ. ಯಾವಾಗ ಕೊಂಡಿರಿ, ಯಾವ ಕೆಲಸಕ್ಕೆ ಬಳಸಿದಿರಿ, ಏನಾಯಿತು, ಈ ಮೂರು ವಿಷಯ ಹಾಕಿ. ಕಳಿಸುವ ಮುನ್ನ ಒಮ್ಮೆ ಓದಿ ನೋಡಿ. ಒಂದು "ಇಲ್ಲ" ಬಿಟ್ಟುಹೋದರೂ "ಲೀಕ್ ಆಗಿಲ್ಲ" ಎಂಬುದು "ಲೀಕ್ ಆಗಿದೆ" ಎಂದಾಗಬಹುದು. ಉಳಿದ ಸಣ್ಣಪುಟ್ಟ ತಪ್ಪಿಗೆ ಹೆದರಬೇಕಿಲ್ಲ.

ತೀರ್ಮಾನ: ಕಾಗುಣಿತ ತಪ್ಪಿದ್ದರೆ ರಿವ್ಯೂ ನಕಲಿ ಎಂಬುದು ತಪ್ಪು ತಿಳುವಳಿಕೆ. ತಪ್ಪಿಲ್ಲದ ರಿವ್ಯೂ ಅಸಲಿ ಎಂಬುದೂ ಅಷ್ಟೇ ತಪ್ಪು. ಅಕ್ಷರ ಬಿಡಿ, ವಿವರ ನೋಡಿ.